ಸಹಾಯ ಬೇಕು: ಗವಂಡಿ, ಕೂಲಿಯವರಿಗೆ ನೇಮಕಾತಿ ಪತ್ರದ ನಮೂನೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಲ್ಲಿ ಕಟ್ಟಡದ ತುಂಡು ಗುತ್ತಿಗೆ ಮಾಡುತ್ತೇನೆ. ಗವಂಡಿ, ಸೆಂಟ್ರಿಂಗ್‌ನವರು, ಕೂಲಿ ಹೆಣ್ಣುಮಕ್ಕಳು ಸೇರಿ ಮೂವತ್ತರ ಆಸುಪಾಸು ಜನ ಇದ್ದಾರೆ.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು (ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿದ ಹೊಸ ಕಾನೂನುಗಳು) ಜಾರಿಯಾಗಿವೆ ಅಲ್ವಾ? 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ 20 ಜನರಿದ್ದರೆ ಲೈಸೆನ್ಸ್ ಬೇಕಿತ್ತು, ಹೊಸದರಲ್ಲಿ ಅದು 50. ಆದರೂ ನಮಗೆ ಕೆಲಸ ಕೊಟ್ಟವರು ಲೈಸೆನ್ಸ್ ಇಲ್ಲದೆ ಬಿಲ್ ಪಾಸ್ ಮಾಡಲ್ಲ ಅಂತಾರೆ. ನಿಮಗೂ ಹೀಗಾಗಿದ್ದರೆ ಏನು ಬರೆದುಕೊಟ್ಟಿರಿ?

ಅದಕ್ಕಿಂತ ಜಾಸ್ತಿ ಚಿಂತೆ ನೇಮಕಾತಿ ಪತ್ರದ್ದು. ಈಗ ಪ್ರತಿ ಕೆಲಸಗಾರರಿಗೂ ಕೊಡಬೇಕು. ನಮ್ಮಲ್ಲಿ ಪಗಾರ ವಾರದ ಸಂತೆಗೆ. ಈ ವಾರ ಗಾರೆ ಕಲಸಿದವರು ಮುಂದಿನ ವಾರ ಕಬ್ಬು ಕಡಿಯಲು ಹೋಗಿರುತ್ತಾರೆ. ಹಾಜರಿಯೆಲ್ಲ ಸಿಮೆಂಟ್ ಮೆತ್ತಿದ ನೋಟ್‌ಬುಕ್‌ನಲ್ಲಿ, ಹೆಸರಿನ ಮುಂದೆ ಹೆಬ್ಬೆಟ್ಟು. ಪತ್ರ ಕೊಡುವುದು ನ್ಯಾಯವೇ. ಕಟ್ಟಡ ಕಾರ್ಮಿಕರ ಕಾರ್ಡಿಗೆ 90 ದಿನ ದುಡಿದ ಪುರಾವೆ ಕೇಳುತ್ತಾರೆ, ಆಗ ಪಾಪ ಅವರೇ ಅಲೆದಾಡುತ್ತಾರೆ.

ಓದಿ ಹೇಳಿದರೆ ಅವರಿಗೂ ತಿಳಿಯುವಂಥ, ಒಂದೇ ಪುಟದ ಕನ್ನಡ ನಮೂನೆ ಯಾರ ಹತ್ತಿರವಾದರೂ ಇದೆಯಾ? ನಡುವೆ ಬಿಟ್ಟು ಹೋಗಿ ಮತ್ತೆ ಬಂದವರಿಗೆ ಹೊಸ ಪತ್ರ ಕೊಡುತ್ತೀರಾ, ಹಳೆಯದೇ ಸಾಕಾ? ವಿಜಯಪುರ, ಬೆಳಗಾವಿ ಕಡೆಯವರೂ ದಯವಿಟ್ಟು ಹೇಳಿ. ಫೋಟೋ ತೆಗೆದು ಹಾಕಿದರೂ ನಡೆಯುತ್ತದೆ.