ರೇಡಿಯಲ್ ಎಂಜಿನ್ – ಹಿಂದಿನ ಸಾಲಿನ ಸಿಲಿಂಡರಿಗೆ ಗಾಳಿ ಹೆಂಗೆ ಸಿಗ್ತಿತ್ತು?

ಕಾಳಿ_ಸಂಗಮ (ಕಾರವಾರ):
ಭಾನುವಾರ ಮಗನ್ನ ಕರ್ಕೊಂಡು ಟಾಗೋರ್ ಬೀಚಿಗೆ ಹೋಗಿದ್ದೆ, ಚಾಪಲ್ ಹಡಗಿನ ಹತ್ರ ನಿಲ್ಸಿದಾರಲ್ಲ ಟುಪೊಲೆವ್ ವಿಮಾನ, ಅದನ್ನ ನೋಡಿ ಬಂದವ ಎರಡನೇ ಮಹಾಯುದ್ಧದ ವಿಮಾನದ ವಿಡಿಯೋ ಹಾಕ್ಕೊಂಡು ಕೂತ. ಒಂದ್ರಲ್ಲಿ ಎಂಜಿನ್ ಬಿಚ್ಚಿ ತೋರಿಸಿದ್ರು, ಸಿಲಿಂಡರ್ ಎಲ್ಲ ಚಕ್ರದ ಕಡ್ಡಿ ತರ ಸುತ್ತ ಇದೆ (ಇದಕ್ಕೇ ರೇಡಿಯಲ್ ಅಂತಾರಂತೆ), ಮುಂದೆ 9, ಅದ್ರ ಬೆನ್ನಿಗೆ ಇನ್ನೂ 9. ನೀರಿಲ್ಲ, ರೇಡಿಯೇಟರ್ ಇಲ್ಲ. ಮುಂದಿನ ಸಾಲಿಗೆ ಗಾಳಿ ಬಡೀತದೆ ಸರಿ, ಹಿಂದಿನದು ಸುಟ್ಟು ಹೋಗೂದಿಲ್ವಾ? ಮತ್ತೆ ಎಂತಕ್ಕೆ 9, 8 ಯಾಕಲ್ಲ ಅಂತ ಅವ ಕೇಳಿದ, ನಂಗೆ ಹೇಳ್ಲಿಕ್ಕೆ ಬರ್ಲಿಲ್ಲ.

ಬೈತಖೋಲ_ಡೀಸೆಲ್:
9ರದ್ದು ನಾ ಹೇಳ್ತೆ. ಫೋರ್ ಸ್ಟ್ರೋಕ್ ಅಲ್ವಾ, ಕ್ರ್ಯಾಂಕ್ (ಪಿಸ್ಟನ್ ತಿರುಗಿಸೂ ದಂಡ) ಎರಡು ಸುತ್ತು ಬರೂದ್ರೊಳಗೆ ಎಲ್ಲ ಸಿಲಿಂಡರ್ ಒಂದೊಂದ್ಸಲ ಫೈರ್ ಆಗ್ಬೇಕು. ಒಂದು ಬಿಟ್ಟು ಒಂದು ಎಣಿಸಿ ನೋಡಿ, 1-3-5-7-9, ಆಮೇಲೆ 2-4-6-8, ಮತ್ತೆ 1. ಸಮ ಅಂತರ. 8 ಇದ್ರೆ 7 ಆದ್ಮೇಲೆ ಸೀದಾ 1ಕ್ಕೇ ಬಂದು ನಿಲ್ತದೆ, 2-4-6-8 ಸಿಗೂದೇ ಇಲ್ಲ. ಅದಕ್ಕೇ ಒಂದು ಸಾಲಿಗೆ ಬೆಸ ಸಂಖ್ಯೆ. ಆದ್ರೆ ನಾನು ಇಪ್ಪತ್ತು ವರ್ಷದಿಂದ ಬೋಟ್ ಎಂಜಿನ್ ಬಿಚ್ಚೂ ಕೆಲಸದವ, ನೀರು ಬರೂದು ನಿಂತ್ರೆ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಗತಿ ಎಂತಾಗ್ತದೆ ಗೊತ್ತು, ಬರೀ ಗಾಳಿ ನಂಬಿ 2000 ಹಾರ್ಸ್‌ಪವರ್ ತೆಗೆದದ್ದು ಹೆಂಗೆ ಅಂತ ನಂಗೂ ತಿಳೀಬೇಕು.

ಸಿರ್ಸಿ_ಪಿಸ್ಟನ್:
ಅಲ್ಲೇ ಇರೋದು ಮಾರಾಯ್ರೇ ಇಡೀ ವಿಷಯ. ಹಿಂದಿನ ಸಾಲನ್ನ ಮುಂದಿನ ಸಾಲಿನ ಸಂದಿಗೆ ಸರಿಯಾಗಿ ಕೂರಿಸ್ತಾರೆ, ಆಮೇಲೆ ಸಿಲಿಂಡರ್ ಸುತ್ತ ತಗಡಿನ ಬ್ಯಾಫಲ್ ಕಟ್ತಾರೆ, ಗಾಳಿ ಸುಮ್ನೆ ಪಕ್ಕದಿಂದ ಜಾರಿ ಹೋಗ್ಬಾರ್ದು, ಫಿನ್ನುಗಳ (ಶಾಖ ಬಿಡೋಕೆ ಸಿಲಿಂಡರ್ ಮೈಮೇಲಿರೋ ತೆಳು ರೆಕ್ಕೆಗಳು) ಮಧ್ಯೆ ತೂರಿಕೊಂಡೇ ಹೋಗ್ಬೇಕು. ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಆರ್-2800 ಎಂಜಿನ್ ನೋಡಿ, 18 ಸಿಲಿಂಡರ್, ಹತ್ರಹತ್ರ 46 ಲೀಟರ್, 1937ರಲ್ಲಿ ಮೊದಲು ಓಡಿದ್ದು. ಎರಕ ಹೊಯ್ದ ಹೆಡ್ಡಿನಲ್ಲಿ ಫಿನ್ ಅಷ್ಟು ತೆಳು ಬರೋದಿಲ್ಲ ಅಂತ ಮುಂದಿನ ಮಾಡೆಲ್‌ಗಳಲ್ಲಿ ಬಡಿದು ಮಾಡಿದ ಅಲ್ಯೂಮಿನಿಯಂ ಹೆಡ್ಡಿಗೇ ಕೊರೆದು ಕೊರೆದು ಫಿನ್ ತೆಗೆದ್ರು. ಸುಟ್ಟ ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವ್ ಒಳಗೆ ಟೊಳ್ಳು, ಅದ್ರಲ್ಲಿ ಸೋಡಿಯಂ, ಬಿಸಿಗೆ ಕರಗಿ ಮೇಲೆ ಕೆಳಗೆ ಕುಲುಕಾಡ್ತಾ ತಲೆಯ ಶಾಖನ ಕಾಂಡದ ಕಡೆ ಸಾಗಿಸ್ತದೆ. ನಂಗೆ ಇದಕ್ಕಿಂತ ಚಂದದ ಉಪಾಯ ಕಂಡಿಲ್ಲ. ಜರ್ಮನಿಯವರು ಬಿಎಂಡಬ್ಲ್ಯು 801 ಎಂಜಿನ್ನಿನಲ್ಲಿ ಪ್ರೊಪೆಲರ್ ಹಿಂದೆ ಒಂದು ಫ್ಯಾನನ್ನೇ ಇಟ್ರು.

ಆದ್ರೂ ಸುಟ್ಟದ್ದು ಇದೆ. ರೈಟ್ ಕಂಪನಿಯ ಆರ್-3350, ಅಮೆರಿಕದ ಬಿ-29 ಬಾಂಬರ್ ವಿಮಾನಕ್ಕೆ ಹಾಕಿದ್ದು, 2200 ಹಾರ್ಸ್‌ಪವರ್, ಎಂಜಿನ್ ಕವಚದ ಕೆಲವು ಭಾಗ ಮೆಗ್ನೀಸಿಯಂ, ಹೊತ್ತಿಕೊಂಡ್ರೆ ಆರಿಸ್ಲಿಕ್ಕೆ ಆಗೋದಿಲ್ಲ. ಫೆಬ್ರವರಿ 1943ರಲ್ಲಿ ಸಿಯಾಟಲ್‌ನಲ್ಲಿ ಎರಡನೇ ಪ್ರೊಟೊಟೈಪ್ ಬೆಂಕಿ ಹತ್ತಿ ಬಿದ್ದು ಟೆಸ್ಟ್ ಪೈಲಟ್ ಎಡ್ಡಿ ಅಲೆನ್ ತೀರಿಕೊಂಡ್ರು, ಜೊತೆಗಿದ್ದವರೂ ಹೋದ್ರು. ಯುದ್ಧದ ಅವಸರ, ಎಂಜಿನ್ ಹಣ್ಣಾಗೋಕೆ ಮುಂಚೆನೇ ಕಿತ್ತ ಹಾಗೆ. 1944ರಲ್ಲಿ ಅದೇ ವಿಮಾನಗಳನ್ನ ಬಂಗಾಳದ ಖರಗ್‌ಪುರಕ್ಕೆ ತಂದ್ರು, ಬೇಸಿಗೆಲಿ. ಗಾಳಿಯೇ ಬಿಸಿ ಇದ್ರೆ ಎಂಜಿನ್ ತಣಿಸೋದು ಯಾವ್ದ್ರಿಂದ? ಬ್ಯಾಫಲ್ ತಿದ್ದಿ, ಹಿಂದಿನ ಸಿಲಿಂಡರ್‌ಗಳ ವಾಲ್ವಿಗೆ ಎಣ್ಣೆ ಜಾಸ್ತಿ ಹೋಗೋ ಹಾಗೆ ಮಾಡಿ ಸುಧಾರಿಸಿಕೊಂಡ್ರು.

ಬೈತಖೋಲ_ಡೀಸೆಲ್:
ಹಂಗಾದ್ರೆ ನೀರೇ ಹಾಕಬಹುದಿತ್ತಲ್ಲ?

ಸಿರ್ಸಿ_ಪಿಸ್ಟನ್:
ಹಾಕಿದ್ದೂ ಇದೆ, ಬ್ರಿಟಿಷರ ಸ್ಪಿಟ್‌ಫೈರ್ ಯುದ್ಧವಿಮಾನದ ಎಂಜಿನ್ ನೀರಿಂದೇ. ಆದ್ರೆ ರೇಡಿಯೇಟರಿಗೆ ಒಂದು ಗುಂಡು ತಾಗಿದ್ರೆ ನೀರು ಸೋರಿ ಕೆಲವೇ ನಿಮಿಷದಲ್ಲಿ ಎಂಜಿನ್ ಜಾಮ್. ರೇಡಿಯಲ್ ಇದ್ದವು ಒಂದು ಸಿಲಿಂಡರ್ ಹಾರಿಹೋಗಿದ್ರೂ ಮನೆ ಮುಟ್ಟಿದಾವೆ. ಸುತ್ತ ಸಮುದ್ರ, ಇಳಿಯೋಕೆ ಒಂದು ಹಡಗು ಮಾತ್ರ, ಅಂಥಾ ಕಡೆ ಅಮೆರಿಕದ ನೇವಿ ಇದನ್ನೇ ಹಿಡಿದು ಕೂತಿದ್ದಕ್ಕೆ ಅದೂ ಒಂದು ಕಾರಣ.

ಬೈತಖೋಲ_ಡೀಸೆಲ್:
ಈಗ ತಿಳೀತು. ನಡು ಸಮುದ್ರದಲ್ಲಿ ಎಂಜಿನ್ ನಿಂತ್ರೆ ಎಂತ ಅಂತ ನಮ್ಮ ಬೋಟಿನವ್ರಿಗೆ ಬೇರೆ ಹೇಳ್ಬೇಕಾಗಿಲ್ಲ.

ಕಾಳಿ_ಸಂಗಮ:
ಇಬ್ರಿಗೂ ತುಂಬಾ ಥ್ಯಾಂಕ್ಸ್, ಮಗನಿಗೆ ಓದಿ ಹೇಳಿದೆ. ಹಂಗಾದ್ರೆ ಬೀಚಿನ ಟುಪೊಲೆವ್‌ದೂ ಇದೇ ತರನಾ ಅಂತ ಕೇಳ್ತಿದಾನೆ.

ಸಿರ್ಸಿ_ಪಿಸ್ಟನ್:
ಅಲ್ಲ, ಅದು ಟರ್ಬೊಪ್ರಾಪ್, ಗ್ಯಾಸ್ ಟರ್ಬೈನೇ ಪ್ರೊಪೆಲರ್ ತಿರುಗಿಸ್ತದೆ, ಪಿಸ್ಟನ್ನೇ ಇಲ್ಲ. ಒಂದೊಂದು ಎಂಜಿನ್ನಿಗೆ ಎರಡೆರಡು ಪ್ರೊಪೆಲರ್ ಇದೆ, ಒಂದರ ಹಿಂದೆ ಒಂದು, ತಿರುಗೋದು ಉಲ್ಟಾ ದಿಕ್ಕಿಗೆ. ಮುಂದಿನ ಸಲ ಹೋದಾಗ ಎರಡರ ಬ್ಲೇಡೂ ಯಾವ ಕಡೆ ವಾಲಿದೆ ನೋಡ್ಲಿಕ್ಕೆ ಹೇಳಿ ಅವನಿಗೆ.