ಸಹಾಯ ಬೇಕು: ಕ್ವಾರಿ ಮಣ್ಣಿನ ರಾಶಿಯ ಬುಡದಲ್ಲಿ ನೀರು ಒಸರುತ್ತಿದೆ

ಭೂವಿಜ್ಞಾನ ಹಾಗೂ ಸಿವಿಲ್ ಇಂಜಿನಿಯರಿಂಗ್ ಬಲ್ಲವರಲ್ಲಿ ವಿನಂತಿ. ಹೊಸನಗರ ತಾಲ್ಲೂಕಿನ ನಮ್ಮ ಊರಿನಲ್ಲಿ, ಕೆಲಸ ನಿಂತಿರುವ ಜಂಬಿಟ್ಟಿಗೆ ಕ್ವಾರಿಯೊಂದರ ತ್ಯಾಜ್ಯ ಮಣ್ಣನ್ನು ಹಿಂದೆ ಜಲದ ಕಣ್ಣಿದ್ದ ಇಳಿಜಾರಿನ ಮೇಲೆಯೇ ಸುರಿಯಲಾಗಿದ್ದು, ಅದರ ಕೆಳಗೆ ನಮ್ಮ ಅಡಿಕೆ ತೋಟವಿದೆ. ಮಳೆ ಬಿಟ್ಟು ವಾರಗಳಾದರೂ ರಾಶಿಯ ಬುಡದಲ್ಲಿ ನೀರು ಒಸರುವುದು ನಿಂತಿಲ್ಲ. ಈಚೆಗೆ ಆ ನೀರು ಕೆಂಪಗೆ ಕದಡಿ ಬರುತ್ತಿದೆ, ಅಂದರೆ ಒಳಗಿನ ಮಣ್ಣೂ ಕೊಚ್ಚಿಬರುತ್ತಿದೆ.

ಮೇಲ್ಭಾಗದಲ್ಲಿ ಕಾಲುವೆ ತೋಡಿ ಮಳೆನೀರನ್ನು ಪಕ್ಕಕ್ಕೆ ತಿರುಗಿಸಿದೆವು, ನೆತ್ತಿಗೆ ಟಾರ್ಪಾಲು ಹೊದಿಸಿದೆವು. ಆದರೂ ಒಸರು ಕಡಿಮೆಯಾಗದ ಕಾರಣ, ನೀರು ತಳದ ಮೂಲನೆಲದಿಂದಲೇ ಏರುತ್ತಿದೆ ಎಂಬುದು ನನ್ನ ಊಹೆ. (ಬುಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿ ಎಂದವರಿದ್ದಾರೆ, ನೀರಿಗೆ ದಾರಿ ಬಿಡದ ಗೋಡೆ ಒಳಗಿನ ಒತ್ತಡವನ್ನು ಹೆಚ್ಚಿಸೀತು ಅಷ್ಟೆ.) 1966ರಲ್ಲಿ ವೇಲ್ಸ್‌ನ ಅಬರ್‌ಫ್ಯಾನ್‌ನಲ್ಲಿ ಒರತೆಯ ಮೇಲೆ ಸುರಿದಿದ್ದ ಕಲ್ಲಿದ್ದಲು ಗಣಿಯ ತ್ಯಾಜ್ಯ ಜಾರಿ 144 ಮಂದಿ ಸತ್ತದ್ದನ್ನು ಓದಿದ ಮೇಲೆ ಸುಮ್ಮನಿರಲು ಧೈರ್ಯ ಸಾಲುತ್ತಿಲ್ಲ.

ಅಂಟುಗುಣವಿಲ್ಲದ ಮಣ್ಣು, 35 ಡಿಗ್ರಿ ಘರ್ಷಣ ಕೋನ (ಮಣ್ಣಿನ ಕಣಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಹಿಡಿತದ ಅಳತೆ), 30 ಡಿಗ್ರಿ ಇಳಿಜಾರು ಎಂದು ಹಿಡಿದರೆ, ಒಣಗಿದ್ದಾಗ ಸುರಕ್ಷತಾ ಗುಣಾಂಕ (ಜಾರಿಸುವ ಬಲಕ್ಕೆ ಹೋಲಿಸಿದರೆ ತಡೆಯುವ ಬಲ ಎಷ್ಟು ಪಟ್ಟು ಎಂಬುದು; 1ಕ್ಕಿಂತ ಕಡಿಮೆಯಾದರೆ ರಾಶಿ ಜಾರುತ್ತದೆ) ಸುಮಾರು 1.2 ಬರುತ್ತದೆ, ನೀರು ಮೇಲ್ಮೈವರೆಗೆ ತುಂಬಿ ಇಳಿಜಾರಿಗೆ ಸಮಾಂತರವಾಗಿ ಹರಿದರೆ ಅದು 0.6ರ ಆಸುಪಾಸಿಗೆ ಕುಸಿಯುತ್ತದೆ. ನಮ್ಮ ರಾಶಿ ಇವೆರಡರ ನಡುವೆ ಎಲ್ಲಿದೆ ಎಂದು ತಿಳಿಯಲು ಒಳಗಿನ ನೀರಿನ ಒತ್ತಡವನ್ನು ಅಳೆಯಬೇಕು. ಗೊಂದಲವಿರುವುದು ಇಲ್ಲಿಯೇ.

ಈ ಒತ್ತಡ ಅಳೆಯುವ ಪೀಜೋಮೀಟರ್ ಕೊಳವೆಯ ತುದಿಯನ್ನು ರಾಶಿಯೊಳಗೇ ನಿಲ್ಲಿಸಬೇಕೇ, ರಾಶಿಯನ್ನು ದಾಟಿಸಿ ಮೂಲನೆಲಕ್ಕೆ ಇಳಿಸಬೇಕೇ, ಅಥವಾ ಎರಡೂ ಕಡೆ ಬೇಕೇ? ಅಳತೆ ಸಿಗುವ ಮೊದಲೇ ಬುಡದಲ್ಲಿ ಮರಳು-ಜಲ್ಲಿಯ ಸೋಸುಪದರ ಹಾಸಿ, ಅದರ ಮೇಲೆ ಕಲ್ಲು ಪೇರಿಸುವುದು ಸುರಕ್ಷಿತವೇ?