ನರಮಂಡಲದ ಪಾಠ ತಲೆಗೆ ಹತ್ತಲು ನೀವು ಏನು ಮಾಡಿದಿರಿ?

ದಾವಣಗೆರೆಯ ತಾಯಿ: ಮಗಳು ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷದಲ್ಲಿದ್ದಾಳೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ನರಮಂಡಲದ ಪಾಠ ಬಂದಾಗಿನಿಂದ ಕಂಗಾಲಾಗಿದ್ದಾಳೆ. ರಾತ್ರಿಯಿಡೀ ಹೆಸರುಗಳನ್ನು ಉರು ಹೊಡೆದರೂ ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ಎಲ್ಲಿಂದ ಆರಂಭಿಸಬೇಕು? ಓದಿದವರು, ಕಲಿಸಿದವರು ದಯವಿಟ್ಟು ತಿಳಿಸಿ.

ಚಿತ್ರದುರ್ಗದ ಪ್ರೌಢಶಾಲಾ ಶಿಕ್ಷಕ: ಅಕ್ಕಾ, ಹೆಸರುಗಳ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಡಲು ಹೇಳಿ. ಒಂದೇ ಒಂದು ಸುದ್ದಿಯ ಬೆನ್ನು ಹತ್ತಲಿ. ದೋಸೆ ಹುಯ್ಯುವಾಗ ಕಾದ ಹಂಚಿಗೆ ಬೆರಳು ತಾಗಿತು ಎನ್ನೋಣ. ಕೈ ತಟ್ಟನೆ ಹಿಂದೆ ಸರಿಯುತ್ತದೆ, ನೋವು ಆಮೇಲೆ ತಿಳಿಯುತ್ತದೆ. ಬೆರಳಿನ ಸುದ್ದಿ ಬೆನ್ನುಹುರಿಗೆ ಮುಟ್ಟಿದೊಡನೆ ಅಲ್ಲಿಂದಲೇ ತೋಳಿನ ಸ್ನಾಯುಗಳಿಗೆ ಅಪ್ಪಣೆ ಹೊರಡುತ್ತದೆ. ಮಿದುಳಿಗೆ ವರದಿ ಸೇರುವುದು ತುಸು ತಡವಾಗಿ. ನೋವೂ ಎರಡು ಕಂತಿನಲ್ಲಿ ಬರುತ್ತದೆ: ಮೊದಲು ಚುರ್ ಎನ್ನುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಉರಿ. ಚುರುಕು ನೋವನ್ನು ತರುವ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ, ಅವುಗಳಲ್ಲಿ ಸುದ್ದಿ ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಉರಿಯನ್ನು ತರುವ ತಂತುಗಳಿಗೆ ಆ ಹೊದಿಕೆಯಿಲ್ಲ, ವೇಗ ಸೆಕೆಂಡಿಗೆ 1 ಮೀಟರಿನ ಆಸುಪಾಸು. ನನ್ನ ತರಗತಿಯ ಹುಡುಗಿಯೊಬ್ಬಳು ಈ ದಾರಿಯನ್ನು ಬೆರಳ ತುದಿಯಿಂದ ಕತ್ತಿನವರೆಗೆ ತನ್ನ ತೋಳಿನ ಮೇಲೆಯೇ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ಪರೀಕ್ಷೆಯಲ್ಲಿ ಅವಳ ಚಿತ್ರದಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ.

ದಾವಣಗೆರೆಯ ಶುಶ್ರೂಷಕಿ: ನನ್ನನ್ನು ಕಾಡಿದ್ದು ಸಿನಾಪ್ಸ್, ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗ. ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ ಎಂದೇ ತಿಳಿದಿದ್ದೆ. ನಡುವೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಸಂದು ಇದೆ. ಬಹುತೇಕ ಕಡೆ ಅದನ್ನು ದಾಟುವುದು ವಿದ್ಯುತ್ತಲ್ಲ, ರಾಸಾಯನಿಕ. 1921ರಲ್ಲಿ ವಿಜ್ಞಾನಿ ಆಟೋ ಲೋವಿ ಕಪ್ಪೆಯ ಹೃದಯವೊಂದರ ನರವನ್ನು ಪ್ರಚೋದಿಸಿ ಬಡಿತ ನಿಧಾನಗೊಳಿಸಿದರು. ಅದರ ಸುತ್ತಲಿನ ದ್ರವವನ್ನು ಮತ್ತೊಂದು ಹೃದಯಕ್ಕೆ ಹಾಕಿದಾಗ ಅದರ ಬಡಿತವೂ ನಿಧಾನವಾಯಿತು. ಈ ಕಥೆ ಕೇಳಿದ ದಿನವೇ ನನಗೆ ಪಾಠ ಬಿಡಿಸಿಕೊಂಡಿತು.

ಹಿರಿಯೂರಿನಿಂದ ಒಬ್ಬರು: ನನ್ನ ತಾಯಿಗೆ ಸಕ್ಕರೆ ಕಾಯಿಲೆ. ಜೋಮು ಕೈಗಿಂತ ಮೊದಲು ಪಾದಕ್ಕೇ ಏಕೆ ಹಿಡಿಯಿತು ಎಂದು ವೈದ್ಯರನ್ನು ಕೇಳಿದೆ. ಸೊಂಟದ ಬಳಿಯಿಂದ ಕಾಲ್ಬೆರಳವರೆಗೆ ಸುಮಾರು ಒಂದು ಮೀಟರ್ ಉದ್ದಕ್ಕೂ ಒಂದೇ ಕೋಶದ ಎಳೆ ಹೋಗುತ್ತದೆ, ಉದ್ದನೆಯ ಎಳೆಗಳೇ ಮೊದಲು ಸೊರಗುತ್ತವೆ ಎಂದರು. ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ, ಅವರು ಕಣ್ಣು ಮುಚ್ಚಿಕೊಂಡಿರಲಿ; ಮಗಳು ಹತ್ತಿಯ ಎಳೆಯಿಂದ ಪಾದವನ್ನು ಮುಟ್ಟುತ್ತಾ ಹೋಗಿ, ಎಲ್ಲಿಂದ ಗೊತ್ತಾಗುತ್ತದೆ ಎಂದು ಕೇಳಿ ಬರೆದುಕೊಳ್ಳಲಿ.